ಐದು ಅಕ್ಷರಗಳು
(ಬಾನುಲಿ ಭಾಷಣ)



ಕಾಗದ, ಪೆನ್ಸಿಲು ಕೈಗೆಟಕುವಂತಿದ್ದರೆ ದಯವಿಟ್ಟು ತೆಗೆದುಕೊಳ್ಳಿ. ಇಲ್ಲವಾದರೆ ಚಿಂತೆಯಿಲ್ಲ, ಮನಸ್ಸಿನಲ್ಲಿಯೇ ಬರೆದುಕೊಳ್ಳಬಹುದು. ಇಂಗ್ಲಿಷಿನ ಐದು ಅಕ್ಷರಗಳನ್ನು ಹೇಳುತ್ತೇನೆ: ಎ, ಇ, ಎಲ್, ಎಸ್, ಟಿ. ಈ ಐದನ್ನೂ ಬಳಸಬೇಕು. ಒಂದೊಂದನ್ನೂ ಒಂದೇ ಸಲ ಬಳಸಬೇಕು. ಹೊರಗಿನ ಆರನೆಯ ಅಕ್ಷರವನ್ನು ಒಳಕ್ಕೆ ಬಿಟ್ಟುಕೊಳ್ಳಬಾರದು. ಈ ಕಟ್ಟಳೆಗೆ ಒಳಪಟ್ಟು ಎಷ್ಟು ಇಂಗ್ಲಿಷ್ ಪದಗಳನ್ನು ಮಾಡಬಹುದು? ನೀವು ಯೋಚಿಸುತ್ತಿರಿ. ಅಷ್ಟರಲ್ಲಿ ನಾನು ನನ್ನ ಕಡೆಯಿಂದ ಒಂದು ಸಮಜಾಯಿಷಿ ಹೇಳಿಬಿಡುತ್ತೇನೆ.

ಜೀವಮಾನವೆಲ್ಲ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಪಂಪ, ರನ್ನ, ಕುಮಾರವ್ಯಾಸರನ್ನು ಬಿಟ್ಟು ಇವನಿಗೇಕೆ ಈ ವಯಸ್ಸಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೊಡವೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಕೇಳುತ್ತಿದ್ದರೆ ಹುಬ್ಬೇರಿಸುವುದು ಸಹಜ. ಅದಕ್ಕೆ ಕಾರಣವುಂಟು. ಆ ಕಾರಣ ನಮ್ಮ ಮನೆಯ ಒಂದು ಹಳೆಯ ಟ್ರಂಕಿನಲ್ಲಿ ಬಹುಕಾಲ ಮುಚ್ಚಿಟ್ಟುಕೊಂಡಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಲೆಕ್ಕ ನೋಡೋಣ. ಐದು ಅಕ್ಷರಗಳನ್ನು ಬೇರೆ ಬೇರೆ ರೀತಿಯಲ್ಲಿ ಸಾಲಾಗಿ ನಿಲ್ಲಿಸುವ ವಿಧಾನಗಳು 120. ಅಕ್ಷರಗಳು ಆರಾದರೆ 720, ಏಳಾದರೆ 5040. ನಮ್ಮ ಐದರ 120 ಸಾಲುಗಳಲ್ಲಿ ಬಹುಪಾಲು ಬರಿಯ ಗೊಣಗಾಟ; ನಾಲಿಗೆಗೂ ಒಗ್ಗದು, ನಿಘಂಟಿಗೂ ಒಗ್ಗದು. ಆ ಗೊಂದಲದೊಳಗಿಂದ ಎಲ್ಲರಿಗೂ ಪರಿಚಿತವಾದ ಐದು ಪದಗಳು ಎದ್ದು ಬರುತ್ತವೆ. ಅತ್ಯಲ್ಪ ಎಂಬರ್ಥದ ಲೀಸ್ಟ್. ಬಾಲ್ಯದಲ್ಲಿ ನಾವೆಲ್ಲ ಬಳಪ ಹಿಡಿದು ತಿದ್ದಿದ ಸ್ಲೇಟ್. ಹಳಸಿದ್ದು ಎಂಬರ್ಥದ ಸ್ಟೇಲ್. ಕದಿಯುವುದು ಎಂಬರ್ಥದ ಸ್ಟೀಲ್, ಉಕ್ಕು ಎಂಬರ್ಥದ ಸ್ಟೀಲ್ ಅಲ್ಲ. ಮತ್ತು ಕಥೆಗಳು ಎಂಬರ್ಥದ ಟೇಲ್ಸ್. ಈ ಐದನ್ನು ದಯವಿಟ್ಟು ನೆನಪಿನಲ್ಲಿಡಿ. ಮಾತಿನ ಕೊನೆಯಲ್ಲಿ ಇವು ಬೇಕಾಗುತ್ತವೆ.

ಈಗ ಒಂದು ವಿಚಿತ್ರವನ್ನು ಗಮನಿಸಿ. ಈ ಐದು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದರೆ ಇವು ಒಂದೇ ಮನೆಯ ಮಕ್ಕಳೆಂಬ ಸುಳಿವೇ ಸಿಗುವುದಿಲ್ಲ. ಕಿವಿಗಂತೂ ಮೊದಲೇ ಸಿಗದು. ಲೀಸ್ಟ್ ಎಂಬಲ್ಲಿ ಇ, ಎ ಎರಡೂ ಕೂಡಿ ದೀರ್ಘ ಈಕಾರವಾಗಿವೆ. ಸ್ಲೇಟ್ ಎಂಬಲ್ಲಿ ಅದೇ ಎ ಏಕಾರವಾಗಿದೆ, ಇ ಬಾಯಿ ಮುಚ್ಚಿಕೊಂಡು ಕೊನೆಯಲ್ಲಿ ಕುಳಿತಿದೆ. ಇಂಗ್ಲಿಷಿನಲ್ಲಿ ಪದವನ್ನು ಕಟ್ಟುವ ಕಲ್ಲು ಕಣ್ಣಿಗೆ ಸೇರಿದ್ದು, ಕಿವಿಗೆ ಸೇರಿದ್ದಲ್ಲ. ಇನ್ನೊಂದು ಗುಂಪು ಹೇಳುತ್ತೇನೆ: ಇ, ಐ, ಎಲ್, ಎನ್, ಎಸ್, ಟಿ. ಇದರಿಂದ ಲಿಸನ್ ಎಂಬ ಪದ ಹುಟ್ಟುತ್ತದೆ, ಸೈಲೆಂಟ್ ಎಂಬುದೂ ಹುಟ್ಟುತ್ತದೆ. ಒಂದು ‘ಕೇಳು’, ಇನ್ನೊಂದು ‘ಮೌನ’. ಬಾನುಲಿಗೆ ಇದಕ್ಕಿಂತ ಒಪ್ಪುವ ಜೋಡಿ ಸಿಗಲಾರದು. ಲಿಸನ್ ಎನ್ನುವಾಗ ಅದರಲ್ಲಿರುವ ಟಿ ತಾನೇ ಮೌನವಾಗಿರುತ್ತದೆ ಎಂಬುದು ಇನ್ನೂ ಸ್ವಾರಸ್ಯ.

ಕನ್ನಡದಲ್ಲಿ ಈ ಆಟದ ಬಗೆಯೇ ಬೇರೆ. ನಮ್ಮಲ್ಲಿ ಸ್ವರ ವ್ಯಂಜನದ ಮೈಯಲ್ಲೇ ಬೆರೆತುಹೋಗಿದೆ. ‘ಕಿ’ ಎಂಬುದರಿಂದ ಗುಡಿಸನ್ನು ಕಿತ್ತು ಬೇರೆ ಅಕ್ಷರಕ್ಕೆ ಏರಿಸಲು ಆಟದಲ್ಲಿ ಯಾರೂ ಒಪ್ಪುವುದಿಲ್ಲ. ಇಡೀ ಅಕ್ಷರವೇ ಕದಲಬೇಕು. ನದಿಯನ್ನು ತಿರುಗಿಸಿದರೆ ದಿನ. ರಸವನ್ನು ತಿರುಗಿಸಿದರೆ ಸರ. ವನ ತಿರುಗಿದರೆ ನವ. ಕಪಿ ತಿರುಗಿದರೆ ಪಿಕ, ಅಂದರೆ ಕೋಗಿಲೆ. ಇಲ್ಲಿ ಕಣ್ಣು ಕಂಡದ್ದನ್ನು ಕಿವಿಯೂ ಕೇಳುತ್ತದೆ. ಓದು ಬರಹ ಬಾರದ ಅಜ್ಜಿಯೂ ಮಡಿಲಲ್ಲಿ ಮಗುವನ್ನು ಕೂರಿಸಿಕೊಂಡು ಕಪಿಯನ್ನು ಪಿಕವಾಗಿಸಬಲ್ಲಳು. ಲೀಸ್ಟನ್ನು ಸ್ಲೇಟಾಗಿಸಲು ಆಕೆಯಿಂದ ಆಗದು. ಅದಕ್ಕೆ ಅಕ್ಷರಗಳನ್ನು ಬಿಡಿಬಿಡಿಯಾಗಿ ಎದುರಿಗೆ ಹರವಿಕೊಳ್ಳಲೇಬೇಕು. ಆದ್ದರಿಂದಲೇ ಇಂಗ್ಲಿಷಿನಲ್ಲಿ ಪದ ಹುಡುಕುವುದು ಒಂದು ಮೇಜಿನ ಮೇಲಿನ ಕೆಲಸವಾಯಿತು. ಕಾಗದದ, ಪಟ್ಟಿಯ, ಲೆಕ್ಕದ ಕೆಲಸವಾಯಿತು. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಅದು ಹಣದ ಕೆಲಸವೂ ಆಯಿತು.

ಪದಬಂಧವೆಂದು ಇಂದು ನಾವು ಕರೆಯುವ ಚೌಕದ ಆಟ ಮೊದಲು ಅಚ್ಚಾದದ್ದು 1913ರ ಡಿಸೆಂಬರ್ 21ರಂದು, ನ್ಯೂಯಾರ್ಕ್ ವರ್ಲ್ಡ್ ಎಂಬ ಪತ್ರಿಕೆಯ ಭಾನುವಾರದ ಸಂಚಿಕೆಯಲ್ಲಿ. ಅದನ್ನು ರಚಿಸಿದವನು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಆರ್ಥರ್ ವಿನ್. 1924ರಲ್ಲಿ ಅಮೆರಿಕದಲ್ಲಿ ಪದಬಂಧಗಳ ಮೊದಲ ಪುಸ್ತಕ ಬಂತು, ಆ ಹುಚ್ಚು ಊರೂರಿಗೆ ಹಬ್ಬಿತು. ಅಲ್ಲಿಂದ ಅದು ಸಮುದ್ರ ದಾಟಿತು. ಸ್ವಾತಂತ್ರ್ಯದ ಹಿಂದುಮುಂದಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಅದು ಬಹುಮಾನದ ಸ್ಪರ್ಧೆಯ ವೇಷ ತೊಟ್ಟಿತು. ಪತ್ರಿಕೆಯಲ್ಲಿ ಫಾರಮು ಅಚ್ಚಾಗುತ್ತಿತ್ತು. ತುಂಬಿ, ಪ್ರವೇಶಧನ ಸೇರಿಸಿ ಕಳುಹಿಸಬೇಕು. ಸರಿಯುತ್ತರವನ್ನು ಮೊದಲೇ ಲಕೋಟೆಯೊಳಗೆ ಮೊಹರು ಮಾಡಿ ಇಡಲಾಗಿದೆಯೆಂಬ ಭರವಸೆ. ಗೆದ್ದವರಿಗೆ ಸಾವಿರಾರು ರೂಪಾಯಿ.

ಇದರ ಒಳಗುಟ್ಟನ್ನು ಒಂದು ಉದಾಹರಣೆಯಿಂದ ತಿಳಿಸುತ್ತೇನೆ. ಉದಾಹರಣೆ ನನ್ನದೇ. ನಾಲ್ಕು ಮನೆಗಳು, ಮೊದಲನೆಯದು ಖಾಲಿ, ಉಳಿದ ಮೂರರಲ್ಲಿ ಎ, ಟಿ, ಇ ಅಚ್ಚಾಗಿವೆ. ಸುಳಿವು ಹೀಗಿದೆ: ‘ಮನುಷ್ಯನನ್ನು ಇದು ಕೊನೆಯವರೆಗೂ ಬಿಡುವುದಿಲ್ಲ.’ ಖಾಲಿ ಮನೆಗೆ ಎಫ್ ಹಾಕಿದರೆ ಫೇಟ್, ವಿಧಿ. ಎಚ್ ಹಾಕಿದರೆ ಹೇಟ್, ದ್ವೇಷ. ಎಂ ಹಾಕಿದರೆ ಮೇಟ್, ಸಂಗಾತಿ. ಮೂರೂ ಸುಳಿವಿಗೆ ಹೊಂದುತ್ತವೆ, ಮೂರಕ್ಕೂ ಸಮರ್ಥನೆ ಬರೆಯಬಹುದು. ಲಕೋಟೆಯೊಳಗೆ ಇರುವುದು ಮಾತ್ರ ಒಂದೇ. ಇಂಥ ಎರಡೆರಡು ಅರ್ಥದ ಮನೆಗಳು ಒಂದು ಚೌಕದಲ್ಲಿ ಹತ್ತಿವೆ ಎಂದುಕೊಳ್ಳಿ. ಎಲ್ಲ ಸಾಧ್ಯತೆಗಳನ್ನೂ ಹಿಡಿಯಬೇಕಾದರೆ 1024 ಫಾರಮುಗಳನ್ನು ತುಂಬಬೇಕು. ಒಂದಕ್ಕೆ ನಾಲ್ಕಾಣೆಯೆಂದರೂ 256 ರೂಪಾಯಿ. ಅಷ್ಟು ಸುರಿಯಲಾರದವನು ಹತ್ತೋ ಇಪ್ಪತ್ತೋ ಫಾರಮು ಕಳುಹಿಸಿ ದೇವರ ಮೇಲೆ ಭಾರ ಹಾಕುತ್ತಿದ್ದ. ಕಣ್ಣಿಗೆ ವಿದ್ಯೆ, ಒಳಗೆ ಪಗಡೆ.

1955ರಲ್ಲಿ ಪಾರ್ಲಿಮೆಂಟು ಇದನ್ನು ಹತೋಟಿಗೆ ತರಲು ಬಹುಮಾನ ಸ್ಪರ್ಧೆಗಳ ಕಾಯಿದೆಯನ್ನು ಮಾಡಿತು. ಮೊದಲಿಗೆ ಅದು ದೇಶದ ಹಲವು ರಾಜ್ಯಗಳಿಗೆ ಅನ್ವಯವಾಗುವಂತಿತ್ತು. ತಿಂಗಳಲ್ಲಿ ಕೊಡುವ ಬಹುಮಾನದ ಒಟ್ಟು ಮೊತ್ತ 1000 ರೂಪಾಯಿ ಮೀರಬಾರದು, ಒಂದು ಸ್ಪರ್ಧೆಗೆ ಬರುವ ಫಾರಮುಗಳು 2000 ಮೀರಬಾರದು ಎಂದು ಅದರಲ್ಲಿ ಮಿತಿ ಹಾಕಿದ್ದಾರೆ. ಆ ಕಾಯಿದೆ ಯಾವುದನ್ನು ಬಹುಮಾನ ಸ್ಪರ್ಧೆಯೆನ್ನುತ್ತದೆ ಎಂಬ ವಿವರಣೆಯನ್ನು ಓದಿ ನಾನು ಬೆರಗಾದೆ. ಅಕ್ಷರಗಳನ್ನು, ಪದಗಳನ್ನು, ಅಂಕಿಗಳನ್ನು ಕೂಡಿಸುವುದು, ಜೋಡಿಸುವುದು, ಸ್ಥಾನ ಪಲ್ಲಟ ಮಾಡುವುದು ಇವೇ ಅಲ್ಲಿನ ಮಾತು. ನಮ್ಮ ಚಿತ್ರಕವಿಗಳು ಕೇಳಿದ್ದರೆ ಬೆಚ್ಚಿಬೀಳುತ್ತಿದ್ದರು. 1957ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ ನ್ಯಾಯಾಧೀಶರು ಒಂದು ಗೆರೆ ಎಳೆದರು: ಅದೃಷ್ಟವೇ ಪ್ರಧಾನವಾದ ಸ್ಪರ್ಧೆ ಜೂಜು, ಅದು ಕಾಯಿದೆಗೆ ಒಳಪಡುತ್ತದೆ, ಜಾಣ್ಮೆಯೇ ಪ್ರಧಾನವಾದದ್ದು ಬೇರೆ, ಅದಕ್ಕೆ ಈ ನಿರ್ಬಂಧ ತಗಲುವುದಿಲ್ಲ.

ಜಾಣ್ಮೆಯೋ ಜೂಜೋ? ನ್ಯಾಯಾಲಯಕ್ಕೆ ಗೆರೆ ಎಳೆಯಲು ಸಾಧ್ಯವಾಯಿತು. ನನಗೆ ನನ್ನ ತಂದೆಯವರ ವಿಷಯದಲ್ಲಿ ಈ ಗೆರೆಯನ್ನು ಎಳೆಯಲು ಇಷ್ಟು ವರ್ಷ ಬೇಕಾಯಿತು. ಎಳೆದೆನೆಂದು ಈಗಲೂ ಧೈರ್ಯವಾಗಿ ಹೇಳಲಾರೆ.

ನಮ್ಮ ಮನೆಯಲ್ಲಿ ತಂದೆಯನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಹಳೆಯ ಮೈಸೂರಿನ ಒಂದು ಚಿಕ್ಕ ಊರಿನ ತಾಲ್ಲೂಕು ಕಚೇರಿಯಲ್ಲಿ ಅವರು ಗುಮಾಸ್ತರು. ಓದಿದ್ದು ಲೋಯರ್ ಸೆಕೆಂಡರಿಯವರೆಗೆ. ಇಂಗ್ಲಿಷನ್ನು ಓದಬಲ್ಲರು, ದುಂಡಾಗಿ ಬರೆಯಬಲ್ಲರು, ಆಡಲು ಹಿಂಜರಿಯುತ್ತಿದ್ದರು. ನಾನು ಹುಟ್ಟುವ ಮೊದಲು, 1950ರ ದಶಕದ ಆರಂಭದಲ್ಲಿ, ಅವರಿಗೆ ಈ ಸ್ಪರ್ಧೆಗಳ ಗೀಳು ಹತ್ತಿತ್ತು. ಪತ್ರಿಕೆ ಯಾವುದೆಂಬುದು ಮುಖ್ಯವಲ್ಲ. ತಿಂಗಳ ಸಂಬಳದಲ್ಲಿ ಒಂದು ಪಾಲು ಪೋಸ್ಟಲ್ ಆರ್ಡರಾಗಿ ಹೊರಡುತ್ತಿತ್ತಂತೆ. 1953ರಲ್ಲಿ ಒಂದು ದಿನ, ಮೆರುಗು ಹಾಕಿಸಿಕೊಂಡು ಬರುತ್ತೇನೆಂದು ಹೇಳಿ ಅಮ್ಮನ ನಾಲ್ಕು ಚಿನ್ನದ ಬಳೆಗಳನ್ನು ತೆಗೆದುಕೊಂಡು ಹೋದರಂತೆ. ಬಳೆಗಳು ಹಿಂದಕ್ಕೆ ಬರಲಿಲ್ಲ. ಇದನ್ನು ನನಗೆ ಹೇಳಿದವರು ಸೋದರತ್ತೆ. ಅವರು ಅಣ್ಣನನ್ನು ‘ನಮ್ಮನೆ ಧರ್ಮರಾಯ’ ಎನ್ನುತ್ತಿದ್ದರು. ಬಹಳ ಕಾಲ ನಾನು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆ. ಹೈಸ್ಕೂಲಿನಲ್ಲಿ ಸಭಾಪರ್ವದ ಜೂಜಿನ ಪ್ರಸಂಗವನ್ನು ಪಾಠ ಮಾಡಿದ ದಿನ ಅರ್ಥ ತಿಳಿಯಿತು. ಆ ದಿನ ಮನೆಗೆ ಬಂದು ಊಟಕ್ಕೆ ಕುಳಿತಾಗ, ಬಡಿಸುತ್ತಿದ್ದ ಅಮ್ಮನ ಕೈಯ ಗಾಜಿನ ಬಳೆಗಳನ್ನು ನೋಡಲಾಗಲಿಲ್ಲ. ಅಮ್ಮ ಮಾತ್ರ ಆ ವಿಷಯವನ್ನು ಎಂದೂ ಎತ್ತಿದವರಲ್ಲ.

ಕನ್ನಡವನ್ನೇ ಏಕೆ ಆರಿಸಿಕೊಂಡಿರಿ ಎಂದು ಯಾರಾದರೂ ಕೇಳಿದರೆ ನಾನು ದೊಡ್ಡ ಕವಿಗಳ ಹೆಸರು ಹೇಳುತ್ತಿದ್ದೆ. ಅದು ಅರ್ಧ ಸತ್ಯ. ಇನ್ನರ್ಧ, ಇಂಗ್ಲಿಷ್ ಅಕ್ಷರಗಳನ್ನು ಚೌಕದೊಳಗೆ ಕಂಡರೆ ನನಗಾಗುತ್ತಿದ್ದ ಅಸಹ್ಯ. ಅಣ್ಣ 1979ರಲ್ಲಿ ತೀರಿಕೊಂಡರು. ಅವರೊಡನೆ ಈ ವಿಷಯವನ್ನು ನಾನು ಒಮ್ಮೆಯೂ ಮಾತನಾಡಲಿಲ್ಲ.

ನಿವೃತ್ತನಾದ ಮೇಲೆ ಊರಿನ ಮನೆಯನ್ನು ಮಾರಬೇಕಾಗಿ ಬಂತು. ಅಟ್ಟದ ಮೇಲಿದ್ದ ತಗಡಿನ ಟ್ರಂಕಿನಲ್ಲಿ ರಟ್ಟಿನ ಹೊದಿಕೆಯ ಒಂದು ದಪ್ಪ ಪುಸ್ತಕ ಸಿಕ್ಕಿತು. ಕಚೇರಿಯ ಹಳೆಯ ರಿಜಿಸ್ಟರು ಇರಬೇಕು. ಖಾಲಿ ಉಳಿದ ಹಾಳೆಗಳಲ್ಲಿ ಅಣ್ಣನ ದುಂಡು ಅಕ್ಷರ. ಮೊದಲ ಪುಟದಲ್ಲಿ 1958 ಎಂದಿದೆ. ಅದು ನಾನು ಹುಟ್ಟಿದ ವರ್ಷ. ಅಷ್ಟು ಹೊತ್ತಿಗೆ ನಮ್ಮ ಮನೆಗೆ ಸ್ಪರ್ಧೆಯ ಫಾರಮುಗಳು ಬರುವುದು ನಿಂತುಹೋಗಿತ್ತು ಎಂಬುದು ಸೋದರತ್ತೆಯೂ ಒಪ್ಪುತ್ತಿದ್ದ ಮಾತು. ಅಂದರೆ ಪಂದ್ಯ ಮುಗಿದ ಮೇಲೆ ಈ ಪುಸ್ತಕ ಆರಂಭವಾಗಿದೆ.

ಪುಸ್ತಕದ ತುಂಬ ಇಂಗ್ಲಿಷ್ ಪದಗಳು. ಅರ್ಥ ಬರೆದಿಲ್ಲ. ನಿಘಂಟಿನ ಕ್ರಮದಲ್ಲಿಯೂ ಇಲ್ಲ. ಮೊದಲ ಭಾಗದಲ್ಲಿ ಪದಗಳನ್ನು ಅಕ್ಷರಗಳ ಸಂಖ್ಯೆಗನುಸಾರವಾಗಿ ವಿಂಗಡಿಸಿ, ಆಮೇಲೆ ಎರಡನೆಯ ಅಕ್ಷರ ಇಂಥದು, ಮೂರನೆಯದು ಇಂಥದು ಎಂದು ಒಳಭಾಗ ಮಾಡಿದ್ದಾರೆ. ಇದು ನನಗೆ ಕೂಡಲೇ ಅರ್ಥವಾಯಿತು, ಏಕೆಂದರೆ ನಮ್ಮ ಹಳಗನ್ನಡ ಕವಿಗಳೂ ಇದೇ ಸಂಕಟವನ್ನು ಬಲ್ಲವರು. ಪದ್ಯದ ಪ್ರತಿಯೊಂದು ಪಾದದಲ್ಲೂ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬ ಆದಿಪ್ರಾಸದ ನಿಯಮ ಅವರನ್ನು ಶತಮಾನಗಳ ಕಾಲ ಕಟ್ಟಿಹಾಕಿತ್ತು. ಆ ನಿಯಮವನ್ನು ನಿರ್ವಹಿಸಬೇಕಾದ ಕವಿಯ ತಲೆಯೊಳಗೆ ಎರಡನೆಯ ಅಕ್ಷರಕ್ಕನುಸಾರವಾದ ಒಂದು ಪದಪಟ್ಟಿ ಇದ್ದೇ ಇರುತ್ತಿತ್ತು. ಗೋವಿಂದ ಪೈಗಳು ಪ್ರಾಸವನ್ನು ಬಿಟ್ಟಾಗ ಕನ್ನಡ ಕವಿತೆ ನಿಟ್ಟುಸಿರು ಬಿಟ್ಟಿತೆಂದು ನಾನೇ ತರಗತಿಯಲ್ಲಿ ಹೇಳುತ್ತಿದ್ದೆ. ಕವಿಯ ತಲೆಯಲ್ಲಿದ್ದರೆ ಪಾಂಡಿತ್ಯವೆನ್ನುವುದು, ಗುಮಾಸ್ತನ ರಿಜಿಸ್ಟರಿನಲ್ಲಿದ್ದರೆ ಗೀಳೆನ್ನುವುದು ಎಷ್ಟು ಸರಿ?

ಎರಡನೆಯ ಭಾಗದಲ್ಲಿ ಪದಗಳನ್ನು ಕೊನೆಯಿಂದ ಜೋಡಿಸಿದ್ದಾರೆ; ಕೊನೆಯ ಅಕ್ಷರ, ಅದರ ಹಿಂದಿನದು, ಅದಕ್ಕೂ ಹಿಂದಿನದು, ಹೀಗೆ. ಸಾಮಾನ್ಯ ನಿಘಂಟು ಮೊದಲಕ್ಷರ ತಿಳಿದವನಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಬಾಲ ಮಾತ್ರ ಗೊತ್ತಿರುವವನು ಹೊರಗೇ ನಿಲ್ಲಬೇಕು. ಈ ತೊಡಕಿಗೆ ಇಂಗ್ಲೆಂಡಿನಲ್ಲಿ ಜಾನ್ ವಾಕರ್ ಎಂಬಾತ 1775ರಷ್ಟು ಹಿಂದೆಯೇ ಪರಿಹಾರ ಕಂಡುಕೊಂಡಿದ್ದ. ಪದಗಳನ್ನು ಅವುಗಳ ಅಂತ್ಯಕ್ಕನುಸಾರವಾಗಿ ಜೋಡಿಸಿದ ಅವನ ನಿಘಂಟು ಅಂತ್ಯಪ್ರಾಸ ಬೇಕಾದ ಕವಿಗಳ ಕೈಪಿಡಿಯಾಗಿ ಬಹುಕಾಲ ಬಾಳಿತು.

ಸರಿಯಾಗಿ 200 ವರ್ಷಗಳ ಮೇಲೆ, 1975ರಲ್ಲಿ, ಅಮೆರಿಕದ ಜನಕ್ಕೆ ಇಂಥ ನಿಘಂಟಿನ ಅಗತ್ಯ ಬಿತ್ತು. ನ್ಯೂಯಾರ್ಕಿನ ಬಾನುಲಿಯಲ್ಲಿ ಕೇಳಿಬಂದ ಒಂದು ಒಗಟು ದೇಶದ ತುಂಬ ಹರಡಿತು. ಜಿ, ಆರ್, ವೈ ಎಂಬ ಮೂರು ಅಕ್ಷರಗಳಿಂದ ಕೊನೆಗೊಳ್ಳುವ ಇಂಗ್ಲಿಷ್ ಪದಗಳು ಮೂರು. ಒಂದು ಆಂಗ್ರಿ, ಇನ್ನೊಂದು ಹಂಗ್ರಿ, ಮೂರನೆಯದು ಯಾವುದು? ಕೋಪವೂ ಸಿಕ್ಕಿತು, ಹಸಿವೂ ಸಿಕ್ಕಿತು, ಮೂರನೆಯದು ಸಿಗಲಿಲ್ಲ. ಜನ ಗ್ರಂಥಾಲಯಗಳಿಗೆ ನುಗ್ಗಿದರು, ನಿಘಂಟಿನ ಸಂಪಾದಕರಿಗೆ ಕಾಗದ ಬರೆದರು. ನಿಜವೆಂದರೆ ಆಗ ಬಳಕೆಯ ಇಂಗ್ಲಿಷಿನಲ್ಲಿ ಮೂರನೆಯ ಪದವೇ ಇರಲಿಲ್ಲ. ಒಗಟು ಬಾಯಿಂದ ಬಾಯಿಗೆ ಹೋಗುವಾಗ ಕೆಟ್ಟಿದೆ. ದೊಡ್ಡ ನಿಘಂಟುಗಳ ಮೂಲೆಗಳನ್ನು ಗುಡಿಸಿದವರಿಗೆ ಒಂದೆರಡು ಅಪರೂಪದ ಪದಗಳು ಸಿಕ್ಕವು. ಆಗ್ರಿ ಎಂಬುದು ಒಂದು. ಪಶ್ಚಿಮ ಆಫ್ರಿಕದ ಘಾನಾ ಪ್ರದೇಶದಲ್ಲಿ ದೊರೆಯುವ ಹಳೆಯ ಗಾಜಿನ ಮಣಿಯ ಹೆಸರು. ಇನ್ನೊಂದು ಪಗ್ರಿ. ಇದು ಬಿಸಿಲಿನ ಟೋಪಿಗೆ ಬಿಳಿಯರು ಸುತ್ತಿಕೊಳ್ಳುತ್ತಿದ್ದ ಬಟ್ಟೆ. ಹಿಂದಿಯ ಪಗಡಿಯೇ ಇಂಗ್ಲಿಷಿಗೆ ಹೋಗಿ ಹಲವು ಬಗೆಯ ಕಾಗುಣಿತಗಳಲ್ಲಿ ಬರೆಯಿಸಿಕೊಂಡು, ಅವುಗಳಲ್ಲೊಂದರಿಂದ ಈ ಪಟ್ಟಿಯೊಳಗೆ ನುಸುಳಿದೆ. ಅಮೆರಿಕದವರು ಹುಡುಕಿ ಹುಡುಕಿ ಸೋತ ಪದ ಅಣ್ಣನ ಏಕೈಕ ಭಾವಚಿತ್ರದಲ್ಲಿ ಅವರ ತಲೆಯ ಮೇಲೆಯೇ ಕುಳಿತಿದೆ ಎಂದು ನೆನೆದಾಗ ನನಗೆ ನಗು ಬಂತು.

ಇನ್ನೊಂದು ಪುಟದಲ್ಲಿ ಪದಗಳೇ ಇಲ್ಲ. ಎ ಯಿಂದ ಝಡ್‌ವರೆಗೆ ಅಕ್ಷರಗಳನ್ನು ಕೆಳಕೆಳಗೆ ಬರೆದು ಎದುರಿಗೆ ಐದೈದು ಗೀಟುಗಳ ಕಟ್ಟು ಹಾಕಿದ್ದಾರೆ. ಯಾವುದೋ ಇಂಗ್ಲಿಷ್ ವೃತ್ತಪತ್ರಿಕೆಯ ಅಂಕಣದಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆಯೆಂದು ಎಣಿಸಿದ್ದಾರೆ. ಇ ಎಲ್ಲಕ್ಕಿಂತ ಮುಂದೆ. ಅದರ ಹಿಂದೆ ಟಿ, ಎ, ಓ. ಈ ಎಣಿಕೆಯ ವಿದ್ಯೆ ಹಳೆಯದು. ಒಂಬತ್ತನೆಯ ಶತಮಾನದ ಬಾಗ್ದಾದಿನ ಪಂಡಿತ ಅಲ್ ಕಿಂದಿ ಗುಪ್ತಲಿಪಿಯನ್ನು ಒಡೆಯಲು ಅಕ್ಷರಗಳನ್ನು ಎಣಿಸುವ ಉಪಾಯ ಬರೆದಿಟ್ಟಿದ್ದಾನೆ. ಎಡ್ಗರ್ ಅಲನ್ ಪೋ 1843ರಲ್ಲಿ ಪ್ರಕಟಿಸಿದ ನಿಧಿಯ ಕಥೆಯೊಂದರಲ್ಲಿ ಅದೇ ಉಪಾಯವಿದೆ.

ಅಣ್ಣನ ಗೀಟುಗಳಿಗೆ ಇನ್ನೂ ಹತ್ತಿರದವನು ಒಬ್ಬನಿದ್ದಾನೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಆಲ್ಫ್ರೆಡ್ ಬಟ್ಸ್ ಎಂಬ ನ್ಯೂಯಾರ್ಕಿನ ವಾಸ್ತುಶಿಲ್ಪಿ, ವೃತ್ತಪತ್ರಿಕೆಯ ಪುಟಗಳನ್ನು ಮುಂದಿಟ್ಟುಕೊಂಡು ಅಕ್ಷರಗಳನ್ನು ಎಣಿಸಿದ. ಆ ಎಣಿಕೆಯ ಮೇಲೆ ಒಂದು ಆಟವನ್ನು ಕಟ್ಟಿದ. ಆಟಿಕೆಯ ಕಂಪೆನಿಗಳು ಅದನ್ನು ಒಲ್ಲೆವೆಂದವು. 1948ರಲ್ಲಿ ಜೇಮ್ಸ್ ಬ್ರೂನೋ ಎಂಬ ಇನ್ನೊಬ್ಬರ ಕೈಯಲ್ಲಿ ಅದಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರು ಬಂತು, ಮುಂದೆ ಲೋಕವೆಲ್ಲ ಆಡಿತು. ಅದರಲ್ಲಿ ನೂರು ಬಿಲ್ಲೆಗಳು. ಅವುಗಳಲ್ಲಿ 12 ಇ. ಎ, ಐ ಒಂಬತ್ತೊಂಬತ್ತು. ಕ್ಯೂ, ಝಡ್ ಒಂದೊಂದೇ, ಆದರೆ ಅವಕ್ಕೆ ಬೆಲೆ ಹತ್ತು ಹತ್ತು. ಎಸ್ ಮಾತ್ರ ನಾಲ್ಕೇ. ಇಂಗ್ಲಿಷಿನಲ್ಲಿ ಅದರ ಬಳಕೆ ಹೆಚ್ಚಾದರೂ, ಯಾವ ಪದಕ್ಕೆ ಬೇಕಾದರೂ ಎಸ್ ಅಂಟಿಸಿ ಬಹುವಚನ ಮಾಡಿ ಗೆಲ್ಲುವ ಸುಲಭದ ದಾರಿಯನ್ನು ಬಟ್ಸ್ ಬೇಕೆಂದೇ ಕಿರಿದು ಮಾಡಿದ. ಅಲ್ಲೂ ಜಾಣ್ಮೆ ಮತ್ತು ಅದೃಷ್ಟದ ಪ್ರಶ್ನೆಯೇ ನೋಡಿ. ಚೀಲದಿಂದ ಯಾವ ಬಿಲ್ಲೆ ಬರುತ್ತದೆಂಬುದು ಅದೃಷ್ಟ. ಬಂದದ್ದರಿಂದ ಏನು ಮಾಡುತ್ತೀರೆಂಬುದು ಜಾಣ್ಮೆ. ಬದುಕೂ ಹೀಗೆಯೇ ಎಂದು ಹೇಳಿ ನಿಮ್ಮನ್ನು ಬೇಸರಪಡಿಸುವುದಿಲ್ಲ.

ಪುಸ್ತಕದ ಮೂರನೆಯ ಭಾಗ ನನ್ನನ್ನು ಬಹಳ ದಿನ ಕಾಡಿತು. ಅಲ್ಲಿ ಪ್ರತಿಯೊಂದು ಸಾಲಿನ ಎಡಬದಿಗೂ ಅರ್ಥವಿಲ್ಲದ ಅಕ್ಷರಗಳ ಗುಂಪು. ಎ, ಇ, ಎಂ, ಎನ್ ಎಂದು ಒಂದು ಕಡೆ. ಇ, ಐ, ಎಲ್, ಎನ್, ಎಸ್, ಟಿ ಎಂದು ಇನ್ನೊಂದು ಕಡೆ. ಉಚ್ಚರಿಸಲು ಹೋದರೆ ನಾಲಿಗೆ ಹೊರಳದು. ಬೀಜಾಕ್ಷರದ ಮಂತ್ರವೋ, ಗುಪ್ತಲಿಪಿಯೋ ಎಂದು ತಡಕಾಡಿದೆ. ಕಡೆಗೆ, ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಾಗ ತೋರಿಸಿದೆ. ಆತ ಒಂದು ನಿಮಿಷ ನೋಡಿ ಪುಸ್ತಕವನ್ನು ಮೇಜಿನ ಮೇಲಿಟ್ಟು, “ಸಾರ್, ಇದನ್ನು ಯಾರು ಮಾಡಿದ್ದು?” ಎಂದು ಕೇಳಿದ. ನಾನು ಹೇಳಿದೆ. “ನಾವೂ ಹೀಗೆಯೇ ಮಾಡುವುದು ಸಾರ್” ಎಂದ.

ಗುಟ್ಟು ಬಹು ಸರಳ. ಕೊಟ್ಟ ಅಕ್ಷರಗಳನ್ನು 120 ಬಗೆಯಲ್ಲಿ, 5040 ಬಗೆಯಲ್ಲಿ ತಿರುವಿಹಾಕುತ್ತ ಕೂರುವವನು ಸೋಲುತ್ತಾನೆ. ಅದರ ಬದಲು ನಿಘಂಟಿನ ಪ್ರತಿಯೊಂದು ಪದದ ಅಕ್ಷರಗಳನ್ನೂ ವರ್ಣಮಾಲೆಯ ಕ್ರಮದಲ್ಲಿ ಒಮ್ಮೆ ನಿಲ್ಲಿಸಿಬಿಡಬೇಕು. ನೇಮ್, ಅಂದರೆ ಹೆಸರು, ಎಂಬ ಪದದ ಅಕ್ಷರಗಳನ್ನು ಹಾಗೆ ನಿಲ್ಲಿಸಿದರೆ ಎ, ಇ, ಎಂ, ಎನ್ ಎಂದಾಗುತ್ತದೆ. ಮೀನ್, ಅಂದರೆ ಅರ್ಥ ಅಥವಾ ನೀಚ, ಎಂಬ ಪದವನ್ನು ನಿಲ್ಲಿಸಿದರೂ ಅದೇ. ಸಿಂಹದ ಕೇಸರವಾದ ಮೇನ್, ಪ್ರಾರ್ಥನೆಯ ಕೊನೆಯ ಆಮೆನ್, ಇವೂ ಅದೇ. ಅರ್ಥವಿಲ್ಲದ ಆ ಗುಂಪು ಒಂದು ಬೀಗದ ಕೈ. ಒಂದೇ ಕೈಗೆ ತೆರೆಯುವ ಪದಗಳೆಲ್ಲ ಒಂದೇ ಕೋಣೆಯಲ್ಲಿರುತ್ತವೆ. ಯಾವ ಅಕ್ಷರಗಳನ್ನು ಕೊಟ್ಟರೂ ಅವನ್ನು ಕ್ರಮವಾಗಿ ನಿಲ್ಲಿಸಿ, ಆ ಕೈ ಯಾವ ಸಾಲಿನಲ್ಲಿದೆಯೆಂದು ನೋಡಿದರೆ ಉತ್ತರ ಎದುರಿಗಿರುತ್ತದೆ. ಇಂದು ಕಂಪ್ಯೂಟರು ಲಕ್ಷಾಂತರ ಪದಗಳ ನಡುವಿನಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ತೆಗೆಯುವುದು ಬಹುಮಟ್ಟಿಗೆ ಈ ಉಪಾಯದಿಂದಲೇ. ಅಣ್ಣನಿಗೆ ಇದನ್ನು ಹೇಳಿಕೊಟ್ಟವರು ಯಾರೂ ಇರಲಾರರು. ಕಚೇರಿಯಲ್ಲಿ ಕಡತಗಳನ್ನು ಹುಡುಕಿ ಹುಡುಕಿ ಕಲಿತದ್ದಿರಬೇಕು: ಸರಿಯಾಗಿ ಇಟ್ಟವನಿಗೆ ಹುಡುಕುವ ಕೆಲಸವಿಲ್ಲ.

ಇಷ್ಟನ್ನು ತಿಳಿದ ಮೇಲೆ ನನ್ನ ಮನಸ್ಸು ಅಣ್ಣನ ಕಡೆಗೆ ವಾಲಿತೆಂದು ಬೇರೆ ಹೇಳಬೇಕಾಗಿಲ್ಲ. ಜೂಜುಗಾರನಾಗಿದ್ದರೆ ಪಂದ್ಯ ನಿಂತ ಮೇಲೆ ಪುಸ್ತಕ ಏಕೆ ಬರೆಯುತ್ತಿದ್ದರು? ಇಪ್ಪತ್ತು ವರ್ಷ, ಒಂದು ಕಾಸಿನ ಆಸೆಯಿಲ್ಲದೆ, ದೀಪದ ಬೆಳಕಿನಲ್ಲಿ ಪದಗಳನ್ನು ಬಿಡಿಸಿ ಜೋಡಿಸಿದ್ದು ವಿದ್ಯೆಯಲ್ಲದೆ ಮತ್ತೇನು? ಹೀಗೆ ವಾದಿಸಿಕೊಂಡು ನೆಮ್ಮದಿ ಪಡೆಯುತ್ತಿದ್ದೆ. ಮರುಗಳಿಗೆಯಲ್ಲಿ ಇನ್ನೊಂದು ಮಾತು ಏಳುತ್ತಿತ್ತು: ಸೋತವನು ಮುಂದಿನ ಆಟಕ್ಕೆ ಸಿದ್ಧನಾಗುತ್ತಿದ್ದಿರಬಹುದಲ್ಲವೆ? ದಾಳ ಮತ್ತೆ ಉರುಳುವ ದಿನಕ್ಕಾಗಿ ಕಾದಿದ್ದಿರಬಹುದಲ್ಲವೆ? ಏನೇ ಇರಲಿ, ಪುಸ್ತಕ ಎಷ್ಟು ಅಂದವಾಗಿದ್ದರೂ ಅದರಿಂದ ಬಳೆಗಳು ಹಿಂದಕ್ಕೆ ಬರುವುದಿಲ್ಲ.

ಇನ್ನು ನಾನು ನೆನಪಿನಲ್ಲಿಡಿ ಎಂದಿದ್ದ ಐದು ಪದಗಳು. ಅಣ್ಣನ ಪುಸ್ತಕದಲ್ಲಿ ಎ, ಇ, ಎಲ್, ಎಸ್, ಟಿ ಎಂಬ ಸಾಲು ಇದೆ. ಅದರ ಬಲಬದಿಯಲ್ಲಿ ಲೀಸ್ಟ್ ಇದೆ, ಸ್ಲೇಟ್ ಇದೆ, ಸ್ಟೇಲ್ ಇದೆ, ಟೇಲ್ಸ್ ಇದೆ. ನಾಲ್ಕೇ. ಕದಿಯುವುದು ಎಂಬರ್ಥದ ಸ್ಟೀಲ್ ಇಲ್ಲ. ಇದಕ್ಕಿಂತ ಎಷ್ಟೋ ಅಪರೂಪದ ಪದಗಳನ್ನು ಹೆಕ್ಕಿ ತಂದವರು ಅವರು. ಶಾಲೆಯ ಮಕ್ಕಳಿಗೂ ಗೊತ್ತಿರುವ ಈ ಪದವನ್ನು ಕಾಣದೆ ಹೋದರೆ? ಕಂಡೂ ಬರೆಯದೆ ಬಿಟ್ಟರೆ?

ಹಸ್ತಪ್ರತಿಗಳನ್ನು ಓದುವುದು ನನ್ನ ವೃತ್ತಿಯ ಒಂದು ಭಾಗವಾಗಿತ್ತು. ಓಲೆಗರಿಯಲ್ಲಿ ಒಂದು ಪದ ಬಿಟ್ಟುಹೋದಾಗ ಲಿಪಿಕಾರನ ಮನಸ್ಸನ್ನು ಊಹಿಸಲು ಹೋಗಬೇಡಿ. ಹೆಚ್ಚಿನ ಲೋಪಗಳು ನಿದ್ದೆಗಣ್ಣಿನವು, ದೀಪದ ಎಣ್ಣೆ ತೀರಿದ್ದರಿಂದ ಆದವು. ಇದನ್ನು ನಾನು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ಆ ಮಾತು ಈಗಲೂ ಸರಿ. ಆದರೂ ಆ ಸಾಲನ್ನು ನಾನು ಎಷ್ಟು ಸಲ ತೆರೆದು ನೋಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ನಾಲ್ಕನೆಯ ಪದದ ಮುಂದೆ ಇನ್ನೊಂದಕ್ಕೆ ಜಾಗವಿದೆ. ಒಂದು ದಿನ ಪೆನ್ಸಿಲು ಕೈಗೆ ತೆಗೆದುಕೊಂಡೆ. ಐದನೆಯದನ್ನು ಬರೆದು ಸಾಲನ್ನು ಪೂರ್ತಿ ಮಾಡುವುದೆಂದುಕೊಂಡೆ. ಆಮೇಲೆ, ಬೇರೊಬ್ಬರ ಪ್ರತಿಯನ್ನು ತಿದ್ದುವ ಅಧಿಕಾರ ನನಗಿಲ್ಲವೆನಿಸಿತು. ಪೆನ್ಸಿಲನ್ನು ಕೆಳಗಿಟ್ಟೆ.

ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಆ ಸಾಲು ಹಾಗೆಯೇ ಇದೆ.